ಗಣಕಯಂತ್ರ ಆರಂಭವಾಗುವಾಗ ಕೇಳಿಬರುವ ‘ಬೀಪ್’ ಸದ್ದು: ಅದರ ಅರ್ಥ ಮತ್ತು ಅನುಸರಿಸಬೇಕಾದ ಕ್ರಮ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಗ್ರಾಮ ಪಂಚಾಯತಿಗಳಲ್ಲಿ ಇಂದು ಗಣಕಯಂತ್ರವಿಲ್ಲದೆ ನಡೆಯುವ ಕೆಲಸ ಬಹಳ ಕಡಿಮೆ. ಪಂಚತಂತ್ರ ತಂತ್ರಾಂಶದಲ್ಲಿ ತೆರಿಗೆ ರಸೀದಿ, ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಮತ್ತು 11, ಉದ್ಯೋಗ ಖಾತರಿ ಕಾಮಗಾರಿಗಳ ಎನ್‌ಎಂಆರ್, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಇವೆಲ್ಲವೂ ಒಂದು ಅಥವಾ ಎರಡು ಯಂತ್ರಗಳನ್ನು ಅವಲಂಬಿಸಿವೆ. ಅವುಗಳಲ್ಲಿ ಕೆಲವು ಹಲವು ವರ್ಷಗಳಿಂದ ಸೇವೆಯಲ್ಲಿರುವ ಹಳೆಯ ಯಂತ್ರಗಳು.

ಸೋಮವಾರ ಬೆಳಿಗ್ಗೆ ಕಚೇರಿ ತೆರೆದಿದೆ ಎಂದು ಭಾವಿಸೋಣ. ಬ್ಯಾಂಕಿಗೆ ಕೊಡಬೇಕಾದ ಆಸ್ತಿ ಉತಾರಕ್ಕಾಗಿ ರೈತರೊಬ್ಬರು ಬಾಗಿಲಲ್ಲಿ ನಿಂತಿದ್ದಾರೆ. ಎನ್‌ಎಂಆರ್ ತೆಗೆಯುವ ಅವಧಿ ಅಂದೇ ಮುಗಿಯಲಿದೆ. ಗಣಕಯಂತ್ರದ ಗುಂಡಿ ಒತ್ತಿದಾಗ ಪರದೆ ಕಪ್ಪಾಗಿಯೇ ಉಳಿದು, ಒಳಗಿನಿಂದ ‘ಬೀಪ್, ಬೀಪ್, ಬೀಪ್’ ಎಂಬ ಸದ್ದು ಮಾತ್ರ ಬರುತ್ತದೆ. ಸಿಬ್ಬಂದಿ ನಾಲ್ಕಾರು ಸಲ ಆರಿಸಿ ಹಚ್ಚಿ ನೋಡುತ್ತಾರೆ. ಕೊನೆಗೆ ‘ಮದರ್‌ಬೋರ್ಡ್ ಹೋಗಿದೆ’ ಎಂಬ ತೀರ್ಮಾನಕ್ಕೆ ಬಂದು ಯಂತ್ರವನ್ನು ಪಟ್ಟಣದ ರಿಪೇರಿ ಅಂಗಡಿಗೆ ಕಳುಹಿಸುತ್ತಾರೆ. ಅದು ಮರಳಿ ಬರಲು ಒಂದು ವಾರವಾದರೆ, ಆ ವಾರದ ನಷ್ಟವನ್ನು ಹೊರುವವರು ಬಾಗಿಲಲ್ಲಿ ನಿಂತ ರೈತ ಮತ್ತು ಕೂಲಿಯ ದಾರಿ ನೋಡುವ ಕಾರ್ಮಿಕರು.

ಆದರೆ ಆ ಮೂರು ಸದ್ದುಗಳು ಸುಮ್ಮನೆ ಬಂದವುಗಳಲ್ಲ. ಯಾವ ಭಾಗದಲ್ಲಿ ದೋಷವಿದೆ ಎಂಬುದನ್ನು ಯಂತ್ರವು ತನಗೆ ತಿಳಿದ ಏಕೈಕ ಭಾಷೆಯಲ್ಲಿ ಹೇಳುತ್ತಿದೆ. ಆ ಭಾಷೆಯ ಪರಿಚಯವಿದ್ದರೆ ಎಷ್ಟೋ ಸಂದರ್ಭಗಳಲ್ಲಿ ಅರ್ಧ ಗಂಟೆಯೊಳಗೆ ಯಂತ್ರವನ್ನು ಮತ್ತೆ ಕೆಲಸಕ್ಕೆ ಹಚ್ಚಬಹುದು. ಉಳಿದ ಸಂದರ್ಭಗಳಲ್ಲಿ ರಿಪೇರಿಯವರಿಗೆ ಖಚಿತ ಮಾಹಿತಿ ನೀಡಿ ಸಮಯ ಮತ್ತು ಹಣ ಎರಡನ್ನೂ ಉಳಿಸಬಹುದು.

ಮೊದಲ ಪ್ರಶ್ನೆ: ಸದ್ದು ಯಾವ ಪೆಟ್ಟಿಗೆಯದು?

ಗ್ರಾಮ ಪಂಚಾಯತಿ ಕಚೇರಿಯಲ್ಲಿ ಸದ್ದು ಮಾಡುವ ಪೆಟ್ಟಿಗೆಗಳು ಎರಡು: ಯುಪಿಎಸ್ ಮತ್ತು ಗಣಕಯಂತ್ರ. ಇವೆರಡೂ ಮೇಜಿನ ಕೆಳಗೆ ಒಂದರ ಪಕ್ಕದಲ್ಲೊಂದು ಇರುವುದರಿಂದ ಗೊಂದಲವಾಗುವುದು ಸಹಜ. ಆದ್ದರಿಂದ ಮೊದಲು ಬಗ್ಗಿ, ಕಿವಿಗೊಟ್ಟು, ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಕೆಲವು ಸೆಕೆಂಡುಗಳಿಗೊಮ್ಮೆ ಒಂದೇ ಸಮನಾಗಿ ಕೇಳಿಬರುವ ಸದ್ದು ಸಾಮಾನ್ಯವಾಗಿ ಯುಪಿಎಸ್‌ನದು. ವಿದ್ಯುತ್ ಹೋಗಿದೆ, ಬ್ಯಾಟರಿಯ ಮೇಲೆ ಕೆಲಸ ನಡೆಯುತ್ತಿದೆ ಎಂಬುದು ಅದರ ಅರ್ಥ. ಸದ್ದಿನ ವೇಗ ಹೆಚ್ಚಿದರೆ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು. ವಿದ್ಯುತ್ ಇದ್ದಾಗಲೂ ಬಿಡದೆ ಕೂಗುತ್ತಿದ್ದರೆ ಅದರ ಮೇಲೆ ಭಾರ ಹೆಚ್ಚಾಗಿರಬಹುದು. ಲೇಸರ್ ಪ್ರಿಂಟರನ್ನು ಚಿಕ್ಕ ಯುಪಿಎಸ್‌ಗೆ ಜೋಡಿಸಿರುವುದು ಇದಕ್ಕೆ ಸಾಮಾನ್ಯ ಕಾರಣ. ಲೇಸರ್ ಪ್ರಿಂಟರು ಕಾಗದದ ಮೇಲಿನ ಪುಡಿಯನ್ನು ಕರಗಿಸಲು ಹೀಟರ್ ಬಳಸುವುದರಿಂದ ಒಮ್ಮೆಲೇ ಬಹಳ ವಿದ್ಯುತ್ತನ್ನು ಎಳೆಯುತ್ತದೆ. ಅದನ್ನು ಯಾವಾಗಲೂ ಗೋಡೆಯ ಸಾಕೆಟ್ಟಿಗೇ ಜೋಡಿಸಬೇಕು. ಕರೆಂಟು ಹೋದ ಕ್ಷಣವೇ ಯಂತ್ರ ಆರಿಹೋಗುತ್ತಿದ್ದರೆ ಯುಪಿಎಸ್ ಒಳಗಿನ 12 ವೋಲ್ಟ್ ಬ್ಯಾಟರಿಯ ಆಯುಷ್ಯ ಮುಗಿದಿದೆ ಎಂದು ತಿಳಿಯಬಹುದು. ಈ ಭಾಗದ ಬೇಸಿಗೆಯ ಬಿಸಿಲಿಗೆ ಅಂತಹ ಬ್ಯಾಟರಿಗಳು ಎರಡು-ಮೂರು ವರ್ಷಗಳಲ್ಲೇ ಸೊರಗುತ್ತವೆ.

ಸದ್ದು ಗಣಕಯಂತ್ರದ್ದೇ ಎಂದು ಖಚಿತವಾದ ಮೇಲೆ ಮಾತ್ರ ಮುಂದಿನ ವಿವರಣೆ ಉಪಯೋಗಕ್ಕೆ ಬರುತ್ತದೆ.

ಯಂತ್ರವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಬಗೆ

ಒಕ್ಕಲಿಗನು ಬಂಡಿ ಹೂಡುವ ಮುನ್ನ ನೊಗ, ಮಿಣಿ, ಗಾಲಿ, ಅಚ್ಚಿನ ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾನೆ. ಕೀಲಿಲ್ಲದ ಬಂಡಿಯನ್ನು ಹೂಡುವುದಿಲ್ಲ. ಗಣಕಯಂತ್ರವೂ ವಿಂಡೋಸ್ ತೆರೆಯುವ ಮುನ್ನ ಇಂತಹದೇ ಒಂದು ತಪಾಸಣೆ ನಡೆಸುತ್ತದೆ. ಇದಕ್ಕೆ ‘ಪೋಸ್ಟ್’ ಎಂದು ಹೆಸರು. ವಿದ್ಯುತ್ ದೊರೆತೊಡನೆ ನಡೆಯುವ ಸ್ವಯಂ ಪರೀಕ್ಷೆ ಎಂದು ಅದರ ಅರ್ಥ. ಮದರ್‌ಬೋರ್ಡಿನ ಮೇಲಿನ ಒಂದು ಚಿಪ್‌ನಲ್ಲಿ ಶಾಶ್ವತವಾಗಿ ಬರೆದಿಟ್ಟಿರುವ ‘ಬಯೋಸ್’ ಎಂಬ ಪುಟ್ಟ ತಂತ್ರಾಂಶವು ಈ ಪರೀಕ್ಷೆಯನ್ನು ನಡೆಸುತ್ತದೆ.

ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ವಿದ್ಯುತ್ ಪೂರೈಕೆ ಘಟಕವು ಸರಿಯಾದ ವೋಲ್ಟೇಜ್ ದೊರೆತಿದೆ ಎಂಬ ಸೂಚನೆ ನೀಡುತ್ತದೆ. ಆಗ ಪ್ರೊಸೆಸರ್ ಎಚ್ಚರಗೊಂಡು ಬಯೋಸ್‌ನ ಮೊದಲ ಆದೇಶವನ್ನು ಓದುತ್ತದೆ. ಬಯೋಸ್ ತನ್ನ ಬರಹ ಕೆಟ್ಟಿಲ್ಲವೆಂಬುದನ್ನು ಕೂಡಿ ಲೆಕ್ಕ ಹಾಕಿ ಖಚಿತಪಡಿಸಿಕೊಳ್ಳುತ್ತದೆ. ಅನಂತರ ಕಾಲಮಾಪಕ ಚಿಪ್, ರ್‍ಯಾಮ್ ಎಂಬ ತಾತ್ಕಾಲಿಕ ಸ್ಮರಣೆಯ ಆರಂಭಿಕ ಭಾಗ, ಚಿತ್ರ ಮೂಡಿಸುವ ವಿಡಿಯೋ ಘಟಕ, ಕೀಬೋರ್ಡ್, ಕೊನೆಗೆ ಹಾರ್ಡ್‌ಡಿಸ್ಕ್ ಇವುಗಳ ಪರೀಕ್ಷೆಯಾಗುತ್ತದೆ. ಎಲ್ಲವೂ ಸರಿಯಿದ್ದರೆ ವಿಂಡೋಸ್ ಅಥವಾ ಬೇರೆ ಕಾರ್ಯಾಚರಣೆ ವ್ಯವಸ್ಥೆಗೆ ಅಧಿಕಾರ ಹಸ್ತಾಂತರವಾಗುತ್ತದೆ.

ಈ ಕ್ರಮದಲ್ಲಿ ಪರದೆಯು ಸಾಕಷ್ಟು ತಡವಾಗಿ ಸಿದ್ಧವಾಗುತ್ತದೆ ಎಂಬುದನ್ನು ಗಮನಿಸಬೇಕು. ಅದಕ್ಕೂ ಮೊದಲೇ ದೋಷ ಕಂಡುಬಂದರೆ ಅದನ್ನು ಅಕ್ಷರದಲ್ಲಿ ತೋರಿಸಲು ಸಾಧ್ಯವಿಲ್ಲ. ಆದ್ದರಿಂದಲೇ ಸದ್ದಿನ ಮೊರೆ ಹೋಗಬೇಕಾಗುತ್ತದೆ. ಶಾಲೆಯ ಗಂಟೆಯ ಒಂದು ಬಡಿತ ಅವಧಿಯ ಬದಲಾವಣೆಯನ್ನೂ, ಎಡೆಬಿಡದ ಬಡಿತ ಮನೆಗೆ ಹೋಗುವ ಸಮಯವನ್ನೂ ತಿಳಿಸುವಂತೆ, ಯಂತ್ರದ ಸದ್ದಿನ ಸಂಖ್ಯೆ ಮತ್ತು ಉದ್ದಗಳೇ ಸಂದೇಶವಾಗುತ್ತವೆ.

ಈ ಪದ್ಧತಿಯ ಹಿನ್ನೆಲೆ

ಐಬಿಎಂ ಸಂಸ್ಥೆಯು 1981ರ ಆಗಸ್ಟ್ 12ರಂದು ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಅದರೊಳಗೆ ಒಂದು ಚಿಕ್ಕ ಸ್ಪೀಕರ್ ಇತ್ತು. ಇಂಟೆಲ್ ಕಂಪನಿಯ 8253 ಎಂಬ ಕಾಲಮಾಪಕ ಚಿಪ್, ಸೆಕೆಂಡಿಗೆ ಸುಮಾರು 11.93 ಲಕ್ಷ ಸ್ಪಂದನಗಳನ್ನು ಒಂದು ನಿಗದಿತ ಸಂಖ್ಯೆಯಿಂದ ಭಾಗಿಸಿ ಈ ಸ್ಪೀಕರಿಗೆ ನೀಡುತ್ತಿತ್ತು. ಬಯೋಸ್ 1331 ಎಂಬ ಸಂಖ್ಯೆಯನ್ನು ಬಳಸುತ್ತಿದ್ದುದರಿಂದ ಸೆಕೆಂಡಿಗೆ ಸುಮಾರು 896 ಕಂಪನಗಳ, ತೀಕ್ಷ್ಣವಾದ ಆದರೆ ಸರಳವಾದ ಸದ್ದು ಹೊರಡುತ್ತಿತ್ತು. ಈ ಏರ್ಪಾಡಿಗೆ ಸೌಂಡ್ ಕಾರ್ಡ್ ಆಗಲಿ, ಡ್ರೈವರ್ ಆಗಲಿ ಬೇಕಾಗಿರಲಿಲ್ಲ. ಬಹುತೇಕ ಎಲ್ಲವೂ ಕೆಟ್ಟಾಗಲೂ ಕೆಲಸ ಮಾಡುವ ಗುಣ ಅದಕ್ಕೆ ಬಂದದ್ದು ಈ ಸರಳತೆಯಿಂದಲೇ.

ಐಬಿಎಂ ಮಾದರಿಯನ್ನು ಅನುಸರಿಸಿ ಬೇರೆ ಕಂಪನಿಗಳು ಯಂತ್ರಗಳನ್ನು ತಯಾರಿಸತೊಡಗಿದಾಗ ಬಯೋಸ್ ಬರೆದುಕೊಡುವ ಸಂಸ್ಥೆಗಳೂ ಹುಟ್ಟಿಕೊಂಡವು. ಫೀನಿಕ್ಸ್, ಅವಾರ್ಡ್ ಮತ್ತು ಎಎಂಐ ಅವುಗಳಲ್ಲಿ ಪ್ರಮುಖವಾದವು. ಎಎಂಐ ಅಂದರೆ ಅಮೆರಿಕನ್ ಮೆಗಾಟ್ರೆಂಡ್ಸ್ ಸಂಸ್ಥೆಯನ್ನು 1985ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದವರು ಸುಬ್ರಮಣಿಯನ್ ಶಂಕರ್ ಮತ್ತು ಪ್ಯಾಟ್ ಶರ್ಮ. ಅವಾರ್ಡ್ ಸಂಸ್ಥೆಯು 1998ರಲ್ಲಿ ಫೀನಿಕ್ಸ್‌ನೊಂದಿಗೆ ವಿಲೀನವಾಯಿತು. ಪ್ರತಿಯೊಂದು ಸಂಸ್ಥೆಯೂ ತನ್ನದೇ ಸಂಕೇತಗಳನ್ನು ರೂಪಿಸಿಕೊಂಡಿತು. ಇದರಿಂದಾಗಿ ಒಂದೇ ರೀತಿಯ ಸದ್ದಿಗೆ ಒಂದು ಯಂತ್ರದಲ್ಲಿ ಒಂದು ಅರ್ಥ, ಇನ್ನೊಂದರಲ್ಲಿ ಬೇರೆ ಅರ್ಥ ಇರುತ್ತದೆ. ಸಂಕೇತವನ್ನು ಓದುವ ಮುನ್ನ ಯಂತ್ರದ ಬಯೋಸ್ ಯಾರದೆಂದು ತಿಳಿದಿರಬೇಕಾದುದು ಇದಕ್ಕಾಗಿಯೇ. ಯಂತ್ರ ಸುಸ್ಥಿತಿಯಲ್ಲಿದ್ದಾಗ ಆರಂಭದ ಪರದೆಯಲ್ಲಿ ಈ ಹೆಸರು ಕೆಲ ಕ್ಷಣ ಕಾಣುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿಡುವುದು ಒಳ್ಳೆಯದು.

ಸಂಕೇತಗಳು ಮತ್ತು ಅವುಗಳ ಅರ್ಥ

ಒಂದು ಚಿಕ್ಕ ಬೀಪ್ ಬಂದು ಪರದೆಯಲ್ಲಿ ಅಕ್ಷರಗಳು ಮೂಡಿದರೆ ಎಲ್ಲವೂ ಸರಿಯಿದೆ ಎಂದರ್ಥ. ಇದಕ್ಕೆ ಗಾಬರಿಯಾಗಬೇಕಿಲ್ಲ.

ಐಬಿಎಂ ಹಳೆಯ ಮಾದರಿ: ಎರಡು ಚಿಕ್ಕ ಬೀಪ್‌ಗಳು ಬಂದರೆ ದೋಷದ ಸಂಖ್ಯೆ ಪರದೆಯ ಮೇಲೆಯೇ ಇರುತ್ತದೆ. ಒಂದು ಉದ್ದ, ಒಂದು ಚಿಕ್ಕ ಬೀಪ್ ಮದರ್‌ಬೋರ್ಡಿನ ದೋಷವನ್ನೂ, ಒಂದು ಉದ್ದ, ಎರಡು ಚಿಕ್ಕ ಬೀಪ್‌ಗಳು ವಿಡಿಯೋ ಘಟಕದ ದೋಷವನ್ನೂ ಸೂಚಿಸುತ್ತವೆ.

ಎಎಂಐ: ಇಲ್ಲಿ ಬೀಪ್‌ಗಳ ಸಂಖ್ಯೆಯೇ ಮುಖ್ಯ. ಪರದೆ ಕಪ್ಪಾಗಿದ್ದು 1, 2 ಅಥವಾ 3 ಬೀಪ್ ಬಂದರೆ ರ್‍ಯಾಮ್ ಸಂಬಂಧಿತ ದೋಷ. 4 ಬೀಪ್ ಕಾಲಮಾಪಕದ, 5 ಪ್ರೊಸೆಸರಿನ, 6 ಕೀಬೋರ್ಡ್ ನಿಯಂತ್ರಕದ ದೋಷ. 8 ಬೀಪ್ ವಿಡಿಯೋ ಸ್ಮರಣೆಯ, 9 ಬಯೋಸ್ ಚಿಪ್ಪಿನ ದೋಷ. ಮೇಲೆ ಹೇಳಿದ ಸೋಮವಾರದ ಯಂತ್ರವು ಎಎಂಐ ಬಯೋಸ್ ಹೊಂದಿದ್ದರೆ, ಅದರ ಮೂರು ಸದ್ದುಗಳು ಹೇಳಿದ್ದು ರ್‍ಯಾಮ್ ವಿಷಯವನ್ನೇ ಹೊರತು ಮದರ್‌ಬೋರ್ಡ್ ಸುಟ್ಟಿದೆ ಎಂದಲ್ಲ.

ಅವಾರ್ಡ್: ಒಂದು ಉದ್ದ, ಎರಡು ಚಿಕ್ಕ ಬೀಪ್ ವಿಡಿಯೋ ದೋಷದ ಸೂಚನೆ. ಉದ್ದನೆಯ ಬೀಪ್ ಮತ್ತೆ ಮತ್ತೆ ಬರುತ್ತಿದ್ದರೆ ರ್‍ಯಾಮ್ ದೋಷ. ಕೆಲಸ ನಡೆಯುತ್ತಿರುವಾಗ ಏರುದನಿ, ಇಳಿದನಿಗಳು ಆಂಬುಲೆನ್ಸ್‌ನಂತೆ ಬದಲಾಗುತ್ತ ಕೇಳಿದರೆ ಪ್ರೊಸೆಸರ್ ಅತಿಯಾಗಿ ಬಿಸಿಯಾಗಿದೆ ಎಂದು ತಿಳಿದು ಕೂಡಲೇ ಯಂತ್ರವನ್ನು ಆರಿಸಬೇಕು.

ಫೀನಿಕ್ಸ್: ಬೀಪ್‌ಗಳು ನಡುವೆ ವಿರಾಮವಿರುವ ಗುಂಪುಗಳಾಗಿ ಬರುತ್ತವೆ. ಒಂದು, ಮೂರು, ನಾಲ್ಕು, ಒಂದು ಎಂದು ಬಂದರೆ ಅದನ್ನು 1-3-4-1 ಎಂದು ಬರೆದುಕೊಳ್ಳಬೇಕು. ಇದು ರ್‍ಯಾಮ್ ದೋಷವನ್ನು ತಿಳಿಸುತ್ತದೆ. 1-2-2-3 ಬಯೋಸ್ ಬರಹದ ದೋಷವನ್ನು ಸೂಚಿಸುತ್ತದೆ.

ಡೆಲ್ ಕಂಪನಿಯ ಹಲವು ಡೆಸ್ಕ್‌ಟಾಪ್‌ಗಳು: 2 ಬೀಪ್ ಬಂದರೆ ರ್‍ಯಾಮ್ ಪತ್ತೆಯಾಗಿಲ್ಲ, 4 ಬಂದರೆ ರ್‍ಯಾಮ್ ಕೆಟ್ಟಿದೆ, 5 ಬಂದರೆ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಮುಗಿದಿದೆ, 6 ಬಂದರೆ ವಿಡಿಯೋ ದೋಷ, 7 ಬಂದರೆ ಪ್ರೊಸೆಸರ್ ದೋಷ. ಎಚ್‌ಪಿ ಕಂಪನಿಯ ಹಳೆಯ ಕಚೇರಿ ಮಾದರಿಗಳಲ್ಲಿ ಕೆಂಪು ದೀಪದ ಮಿಣುಕಿನೊಂದಿಗೆ 5 ಬೀಪ್ ಬಂದರೆ ರ್‍ಯಾಮ್ ದೋಷ. 2 ಬೀಪ್ ಬಂದರೆ ಬಿಸಿ ಹೆಚ್ಚಾಗಿದೆ.

ಯಾವ ಸದ್ದೂ ಇಲ್ಲದೆ, ಫ್ಯಾನ್ ಸಹ ತಿರುಗದಿದ್ದರೆ ದೋಷವು ವಿದ್ಯುತ್ ಪೂರೈಕೆಯಲ್ಲಿರುವ ಸಾಧ್ಯತೆ ಹೆಚ್ಚು. ಮೊದಲು ಸಾಕೆಟ್, ವೈರ್ ಮತ್ತು ಯುಪಿಎಸ್ ಪರೀಕ್ಷಿಸಬೇಕು. ಫ್ಯಾನ್ ತಿರುಗಿಯೂ ಸದ್ದಿಲ್ಲದಿದ್ದರೆ ಆ ಪೆಟ್ಟಿಗೆಯಲ್ಲಿ ಸ್ಪೀಕರ್ ಇಲ್ಲದಿರಲೂಬಹುದು. ಹೊಸ ಯಂತ್ರಗಳಲ್ಲಿ ಸ್ಪೀಕರ್ ಬದಲು ದೀಪಗಳ ಮಿಣುಕನ್ನೇ ಸಂಕೇತವಾಗಿ ಬಳಸುವ ರೂಢಿ ಬೆಳೆದಿದೆ. ಅಲ್ಲಿ ಕಿವಿಯ ಬದಲು ಕಣ್ಣು ಎಣಿಸಬೇಕು, ಅಷ್ಟೇ ವ್ಯತ್ಯಾಸ.

ಈ ತಾಲೂಕುಗಳಲ್ಲಿ ದೋಷಕ್ಕೆ ಕಾರಣಗಳು

ರೋಣ ಮತ್ತು ನರಗುಂದ ತಾಲೂಕುಗಳ ಬಹುಭಾಗ ಎರೆಭೂಮಿ. ಬೇಸಿಗೆಯಲ್ಲಿ ಒಣಗಿದ ಎರೆಮಣ್ಣಿನ ನಯವಾದ ಧೂಳು ಕಿಟಕಿಯ ಸಂದುಗಳಿಂದ ಒಳನುಗ್ಗುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಕಚೇರಿಗಳೊಳಗೂ ಧೂಳನ್ನು ತರುತ್ತದೆ. ಗಣಕಯಂತ್ರದ ಫ್ಯಾನ್ ಹೊರಗಿನ ಗಾಳಿಯನ್ನು ನಿರಂತರವಾಗಿ ಒಳಗೆಳೆಯುವುದರಿಂದ ಧೂಳು ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಬಿಸಿ ಹೊರಹೋಗದೆ ಎಚ್ಚರಿಕೆಯ ಸದ್ದು ಬರಲು ಇದೇ ಮುಖ್ಯ ಕಾರಣ.

ಹಗಲಿನ ಬಿಸಿ ಮತ್ತು ರಾತ್ರಿಯ ತಂಪಿನಿಂದ ಲೋಹದ ಭಾಗಗಳು ಹಿಗ್ಗಿ ಕುಗ್ಗುತ್ತವೆ. ವರ್ಷಗಳ ಕಾಲ ಹೀಗಾದಾಗ ರ್‍ಯಾಮ್ ಪಟ್ಟಿಯು ತನ್ನ ಗಾಡಿಯಲ್ಲಿ ಕೂದಲೆಳೆಯಷ್ಟು ಸಡಿಲಗೊಳ್ಳಬಹುದು. ತೇವಾಂಶ ಸೇರಿದರೆ ಸಂಪರ್ಕದ ಅಂಚಿನಲ್ಲಿ ತೆಳುವಾದ ಕಿಲುಬು ಕೂರುತ್ತದೆ. ರ್‍ಯಾಮ್ ದೋಷದ ಸಂಕೇತ ಕೊಡುವ ಎಷ್ಟೋ ಯಂತ್ರಗಳಲ್ಲಿ ರ್‍ಯಾಮ್ ಕೆಟ್ಟಿರುವುದಿಲ್ಲ. ಸಂಪರ್ಕ ಮಾತ್ರ ತಪ್ಪಿರುತ್ತದೆ.

2019ರ ಆಗಸ್ಟ್ ತಿಂಗಳ ಮಲಪ್ರಭಾ ಪ್ರವಾಹದಲ್ಲಿ ಕೊಣ್ಣೂರು, ಲಖಮಾಪುರ, ಹೊಳೆಆಲೂರು ಭಾಗಗಳು ಅನುಭವಿಸಿದ ಸಂಕಷ್ಟ ಎಲ್ಲರಿಗೂ ತಿಳಿದಿದೆ. ನದಿ ಮತ್ತು ಹಳ್ಳಗಳ ದಡದ ಕಚೇರಿಗಳಲ್ಲಿ ಗಣಕಯಂತ್ರವನ್ನು ನೆಲದ ಮೇಲಿಡದೆ ಎತ್ತರದಲ್ಲಿಡುವುದು ಅಗತ್ಯ. ನೀರು ತಾಗಿದ ಯಂತ್ರವನ್ನು ‘ಹತ್ತುತ್ತದೆಯೇ ನೋಡೋಣ’ ಎಂದು ಚಾಲೂ ಮಾಡಿದರೆ ಉಳಿಯಬಹುದಾದ ಭಾಗಗಳೂ ಸುಡುತ್ತವೆ.

ಕಚೇರಿಯಲ್ಲಿಯೇ ಕೈಗೊಳ್ಳಬಹುದಾದ ಕ್ರಮಗಳು

ವಾರಂಟಿ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದ ಚಾಲ್ತಿಯಲ್ಲಿರುವ ಯಂತ್ರವನ್ನು ಕಚೇರಿಯಲ್ಲಿ ತೆರೆಯಬಾರದು. ಸದ್ದಿನ ವಿವರ ಬರೆದು ಸಂಬಂಧಪಟ್ಟವರಿಗೆ ದೂರು ನೀಡಬೇಕು. ಅವಧಿ ಮೀರಿದ ಹಳೆಯ ಯಂತ್ರವಾದರೆ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಒಂದು: ಯಂತ್ರವನ್ನು ಒಮ್ಮೆ ಆರಿಸಿ, ಮತ್ತೆ ಹಚ್ಚಿ, ಸದ್ದುಗಳನ್ನು ಎಣಿಸಿ ಬರೆದುಕೊಳ್ಳಬೇಕು. ಉದ್ದವೆಷ್ಟು, ಚಿಕ್ಕವೆಷ್ಟು, ನಡುವೆ ವಿರಾಮವಿದೆಯೇ ಎಂಬುದನ್ನು ನಮೂದಿಸಬೇಕು. ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಂಡರೆ ಇನ್ನೂ ಉತ್ತಮ.

ಎರಡು: ಕೀಬೋರ್ಡಿನ ಮೇಲೆ ಕಡತ ಅಥವಾ ವಹಿ ಒರಗಿದೆಯೇ, ಯಾವುದಾದರೂ ಕೀಲಿ ಒತ್ತಿದಂತೆಯೇ ಸಿಕ್ಕಿಕೊಂಡಿದೆಯೇ ನೋಡಬೇಕು. ಇಷ್ಟರಿಂದಲೇ ಸದ್ದು ನಿಲ್ಲುವ ಸಂದರ್ಭಗಳುಂಟು. ಮಾನಿಟರಿನ ಕೇಬಲ್ ಮತ್ತು ವಿದ್ಯುತ್ ವೈರ್ ಬಿಗಿಯಾಗಿವೆಯೇ ಪರೀಕ್ಷಿಸಬೇಕು.

ಮೂರು: ಪೆಟ್ಟಿಗೆ ತೆರೆಯುವ ಮುನ್ನ ವಿದ್ಯುತ್ ವೈರನ್ನು ಸಂಪೂರ್ಣವಾಗಿ ತೆಗೆದು, ಆರಂಭದ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಇದರಿಂದ ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಸಂಗ್ರಹವಾಗಿರುತ್ತದೆ. ಆದ್ದರಿಂದ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದ ನಂತರವೇ ಒಳಗೆ ಕೈ ಹಾಕಬೇಕು. ವಿದ್ಯುತ್ ಪೂರೈಕೆ ಘಟಕದ ಮುಚ್ಚಿದ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ವೈರ್ ತೆಗೆದ ಮೇಲೂ ಅದರಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ನಾಲ್ಕು: ಮೃದುವಾದ ಒಣ ಬ್ರಷ್‌ನಿಂದ ಧೂಳು ತೆಗೆಯಬೇಕು. ಬಾಯಿಂದ ಊದಿದರೆ ಎಂಜಲಿನ ತೇವ ಸೇರುತ್ತದೆ.

ಐದು: ಸಂಕೇತವು ರ್‍ಯಾಮ್ ದೋಷವನ್ನು ಸೂಚಿಸಿದ್ದರೆ, ರ್‍ಯಾಮ್ ಪಟ್ಟಿಯ ಎರಡೂ ತುದಿಯ ಚಿಲಕಗಳನ್ನು ಸರಿಸಿ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಹೊರತೆಗೆಯಬೇಕು. ಬಂಗಾರದ ಬಣ್ಣದ ಸಂಪರ್ಕಗಳನ್ನು ಒಣ ಹತ್ತಿಬಟ್ಟೆಯಿಂದ ಹಗುರವಾಗಿ ಒರೆಸಿ, ಪಟ್ಟಿಯ ಕಚ್ಚು ಗಾಡಿಯ ಉಬ್ಬಿಗೆ ಹೊಂದುವಂತೆ ಇಟ್ಟು, ಚಿಲಕಗಳು ‘ಟಕ್’ ಎಂದು ಕೂರುವವರೆಗೆ ಒತ್ತಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಯಾವುದು ಕೆಟ್ಟಿದೆ ಎಂಬುದು ತಿಳಿಯುತ್ತದೆ. ಹೊಸದನ್ನು ಕೊಳ್ಳಬೇಕಾದರೆ ಹಳೆಯದರ ಮಾದರಿಯನ್ನೇ ಹೇಳಬೇಕು. ಡಿಡಿಆರ್-2, ಡಿಡಿಆರ್-3 ಮತ್ತು ಡಿಡಿಆರ್-4 ಪಟ್ಟಿಗಳ ಕಚ್ಚುಗಳು ಬೇರೆ ಬೇರೆ ಸ್ಥಾನದಲ್ಲಿರುವುದರಿಂದ ಒಂದರ ಗಾಡಿಯಲ್ಲಿ ಇನ್ನೊಂದು ಕೂರುವುದಿಲ್ಲ.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ಅಥವಾ ಸಂಕೇತವು ಪ್ರೊಸೆಸರ್, ಬಯೋಸ್, ಮದರ್‌ಬೋರ್ಡ್ ದೋಷವನ್ನು ಸೂಚಿಸಿದರೆ ಪರಿಣತರಿಗೆ ಒಪ್ಪಿಸುವುದೇ ಸರಿಯಾದ ದಾರಿ.

ಗುಂಡಿ ಬ್ಯಾಟರಿ: ಸದ್ದಿಲ್ಲದ ದೋಷ

ಮದರ್‌ಬೋರ್ಡಿನ ಮೇಲೆ ನಾಣ್ಯದ ಆಕಾರದ, ಸಿಆರ್-2032 ಎಂಬ 3 ವೋಲ್ಟ್ ಬ್ಯಾಟರಿ ಇರುತ್ತದೆ. ಯಂತ್ರ ಆರಿದಾಗಲೂ ದಿನಾಂಕ ಮತ್ತು ವೇಳೆಯನ್ನು ಉಳಿಸಿಕೊಳ್ಳುವುದು ಅದರ ಕೆಲಸ. ಅದು ಮುಗಿದಾಗ ಕೆಲವು ಯಂತ್ರಗಳು ಬೀಪ್ ಮಾಡುತ್ತವೆ. ಅನೇಕ ಯಂತ್ರಗಳು ಮಾಡುವುದಿಲ್ಲ. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ರೌಸರ್ ಸರ್ಕಾರಿ ಜಾಲತಾಣಗಳ ಭದ್ರತಾ ಪ್ರಮಾಣಪತ್ರವನ್ನು ಒಪ್ಪದೆ ಎಚ್ಚರಿಕೆ ತೋರಿಸುತ್ತದೆ. ಡಿಜಿಟಲ್ ಸಹಿಯ ಅವಧಿಯ ಲೆಕ್ಕವೂ ತಪ್ಪುತ್ತದೆ. ‘ಸರ್ವರ್ ಇಲ್ಲ’ ಎಂದು ಸಾರ್ವಜನಿಕರನ್ನು ಮರಳಿ ಕಳುಹಿಸುವ ಮುನ್ನ ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ಒಮ್ಮೆ ನೋಡಬೇಕು. ಅಲ್ಪ ಬೆಲೆಯ ಒಂದು ಬ್ಯಾಟರಿಯಿಂದ ಪರಿಹಾರವಾಗುವ ತೊಂದರೆಗೆ ಯಾರೂ ಎರಡನೇ ಸಲ ಬಸ್ಸಿನ ಹಣ ತೆರುವಂತಾಗಬಾರದು.

ಹಾರ್ಡ್‌ಡಿಸ್ಕಿನ ‘ಟಕ್ ಟಕ್’

ಬೀಪ್ ಅಲ್ಲದ ಇನ್ನೊಂದು ಸದ್ದನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಬೇಕು. ಆರಂಭದ ವೇಳೆ ಪೆಟ್ಟಿಗೆಯೊಳಗಿನಿಂದ ‘ಟಕ್, ಟಕ್’ ಎಂಬ ಲೋಹದ ಸದ್ದು ಮತ್ತೆ ಮತ್ತೆ ಬಂದರೆ ಹಾರ್ಡ್‌ಡಿಸ್ಕಿನ ಓದುವ ತೋಳು ತನ್ನ ಸ್ಥಾನವನ್ನು ಹುಡುಕಿ ಸೋಲುತ್ತಿದೆ ಎಂದರ್ಥ. ಬಯೋಸ್‌ನ ಸದ್ದು ಯಂತ್ರದ ಭಾಗದ ಬಗ್ಗೆ ಎಚ್ಚರಿಸಿದರೆ ಈ ಸದ್ದು ದಾಖಲೆಗಳ ಬಗ್ಗೆ ಎಚ್ಚರಿಸುತ್ತದೆ. ರ್‍ಯಾಮ್ ಅಂಗಡಿಯಲ್ಲಿ ಸಿಗುತ್ತದೆ. ಕಳೆದುಹೋದ ಕಡತ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇಂತಹ ಯಂತ್ರವನ್ನು ಪದೇ ಪದೇ ಆರಿಸಿ ಹಚ್ಚಿದರೆ ಹಾನಿ ಹೆಚ್ಚುತ್ತದೆ. ಇನ್ನೂ ತೆರೆದುಕೊಳ್ಳುತ್ತಿದ್ದರೆ ಬೇರೆ ಕೆಲಸ ಬಿಟ್ಟು ಮೊದಲು ಕಡತಗಳ ಪ್ರತಿ ತೆಗೆಯಬೇಕು. ತೆರೆದುಕೊಳ್ಳದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ತಂತ್ರಾಂಶಗಳ ಮಾಹಿತಿ ಸರ್ವರ್‌ನಲ್ಲಿ ಸುರಕ್ಷಿತವಾಗಿದ್ದರೂ, ಗ್ರಾಮಸಭೆಯ ನಡಾವಳಿ, ಪತ್ರವ್ಯವಹಾರ, ಕಾಮಗಾರಿಗಳ ಛಾಯಾಚಿತ್ರ ಮುಂತಾದವು ಯಂತ್ರದಲ್ಲೇ ಇರುತ್ತವೆ. ವಾರಕ್ಕೊಮ್ಮೆ ಅವುಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿರುವ ಕಚೇರಿಗೆ ಯಾವ ಸದ್ದೂ ದೊಡ್ಡ ಭಯವನ್ನುಂಟುಮಾಡದು.

ದಾಖಲೆ ಮತ್ತು ವಿಲೇವಾರಿ

ಯಂತ್ರವನ್ನು ಹೊರಗೆ ರಿಪೇರಿಗೆ ಕಳುಹಿಸುವಾಗ ಬಯೋಸ್ ಹೆಸರು, ಸದ್ದಿನ ಸಂಖ್ಯೆ, ಕೈಗೊಂಡ ಕ್ರಮ, ಒಳಗಿರುವ ರ್‍ಯಾಮ್ ಮತ್ತು ಹಾರ್ಡ್‌ಡಿಸ್ಕ್‌ಗಳ ಗಾತ್ರ ಹಾಗೂ ಕ್ರಮಸಂಖ್ಯೆಗಳನ್ನು ಬರೆದು ಸ್ವೀಕೃತಿ ಪಡೆಯುವುದು ಉತ್ತಮ. ಮರಳಿ ಬಂದಾಗ ಅದೇ ಭಾಗಗಳಿವೆಯೇ ಎಂದು ತಾಳೆ ನೋಡಲು ಇದರಿಂದ ಅನುಕೂಲ. ಡಿಜಿಟಲ್ ಸಹಿಯ ಟೋಕನ್ ಅನ್ನು ಯಂತ್ರದೊಂದಿಗೆ ಎಂದೂ ಕಳುಹಿಸಬಾರದು.

ದುರಸ್ತಿಗೆ ಬಾರದ ಯಂತ್ರ ಮತ್ತು ಭಾಗಗಳನ್ನು ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಪ್ರಕಾರ ಅವು ನೋಂದಾಯಿತ ಸಂಸ್ಥೆಗಳ ಮೂಲಕವೇ ವಿಲೇವಾರಿಯಾಗಬೇಕು. ಅದಕ್ಕೂ ಮುನ್ನ ಹಾರ್ಡ್‌ಡಿಸ್ಕಿನಲ್ಲಿರುವ ನಾಗರಿಕರ ಮಾಹಿತಿಯನ್ನು ಸಂಪೂರ್ಣವಾಗಿ ಅಳಿಸಿರಬೇಕು.

ಹಳೆಯ ಯಂತ್ರವು ಮಾತನಾಡುವುದು ಕೆಲವೇ ಸೆಕೆಂಡು, ಅದೂ ಎಣಿಸಬಹುದಾದಷ್ಟೇ ಸದ್ದುಗಳಲ್ಲಿ. ಆ ಸಂಖ್ಯೆಯನ್ನು ಬರೆದುಕೊಳ್ಳಲು ಬೇಕಾಗುವುದು ಒಂದು ಪೆನ್ನು ಮತ್ತು ಒಂದು ಚೀಟಿ. ಅಷ್ಟನ್ನು ಮಾಡಿದ ಕಚೇರಿಯಲ್ಲಿ ಸೋಮವಾರ ಬಂದ ರೈತ ಅದೇ ದಿನ ತನ್ನ ಉತಾರ ಪಡೆದು ಊರಿಗೆ ಮರಳುವ ಸಾಧ್ಯತೆ ಹೆಚ್ಚು.